ಪೋಕೆಮಾನ್ ಬ್ಯಾಟಲ್ ಅಕಾಡೆಮಿ: ಪೆಟ್ಟಿಗೆ ಒಳ್ಳೆಯದೇ, ತಕರಾರೆಲ್ಲ ಕಾರ್ಡು ಇಳಿಸುವಲ್ಲಿ

ರಜೆ ಶುರುವಾದರೆ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯ ಫ್ಯಾನ್ಸಿ ಅಂಗಡಿಗಳಲ್ಲಿ ಚಿನ್ನದ ಬಣ್ಣದ ಪೋಕೆಮಾನ್ ಪೊಟ್ಟಣಗಳು ನೇತಾಡತೊಡಗುತ್ತವೆ. ಥಳಥಳ ಹೊಳೆಯುತ್ತವೆ, ಮಕ್ಕಳು ಕಾಡಿ ಬೇಡಿ ತೆಗೆಸಿಕೊಳ್ಳುತ್ತಾರೆ, ಆಡಲು ಕೂತರೆ ಆಡಲಾಗುವುದಿಲ್ಲ. ಈ ವಿಮರ್ಶೆ ನಿಜವಾಗಿ ಆಡಬಹುದಾದ ಪೆಟ್ಟಿಗೆಯದು: ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮಿನ ‘ಬ್ಯಾಟಲ್ ಅಕಾಡೆಮಿ’. ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳ ಕಾರ್ಡುಗಳನ್ನು ಇಬ್ಬರು ಎದುರುಬದುರು ಕೂತು ಕಾದಾಡಿಸುವ ಆಟ ಇದು. ಅದರ ಜತೆಗೆ ಇಟ್ಟುಕೊಳ್ಳಬೇಕಾದ ದಾಳಗಳದ್ದೂ ಹೌದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದವರು, ಊರಿನ ಗ್ರಂಥಾಲಯದ ಬಾಲವೇದಿ (ಮಕ್ಕಳ ಕೂಟ) ನಡೆಸುವವರು ಕೊಳ್ಳುವ ಮೊದಲು ತಿಳಿದಿರಬೇಕಾದ್ದನ್ನು ಇಲ್ಲಿ ಹೇಳಿದೆ.

ಪೆಟ್ಟಿಗೆಯಲ್ಲಿ ತಲಾ 60 ಕಾರ್ಡಿನ ಮೂರು ಸಿದ್ಧ ಡೆಕ್ಕುಗಳು (ಒಬ್ಬ ಆಟಗಾರನ ಕಾರ್ಡುಗಳ ಕಟ್ಟು), ಇಬ್ಬರಿಗೆ ಸಾಕಾಗುವ ಮಡಚುವ ಬೋರ್ಡು, ಚಿಮ್ಮಲು ನಾಣ್ಯ, ಬಿದ್ದ ಪೆಟ್ಟು ಎಣಿಸಲು ರಟ್ಟಿನ ಡ್ಯಾಮೇಜ್ ಕೌಂಟರುಗಳು, ಕಲಿಸುವ ಗೈಡು ಇರುತ್ತವೆ. 2024ರವರೆಗೆ ಮೂರು ಆವೃತ್ತಿ ಬಂದಿವೆ: 2020, 2022, 2024. ಪ್ರತಿಯೊಂದರಲ್ಲೂ ಮಾಮೂಲಿಗಿಂತ ಬಲವಾದ ಒಂದು ಬಗೆಯ ಪೋಕೆಮಾನ್ ಕಾರ್ಡುಗಳಿವೆ: ಮೊದಲನೆಯದರಲ್ಲಿ ಜಿಎಕ್ಸ್, ಎರಡನೆಯದರಲ್ಲಿ ವಿ, ಮೂರನೆಯದರಲ್ಲಿ ಇಎಕ್ಸ್. ಮೂರೂ ಬಗೆಯವು ಸೋತಾಗ ಎದುರಾಳಿ ಎರಡು ಪ್ರೈಜ್ ಕಾರ್ಡು (ಪೋಕೆಮಾನನ್ನು ಸೋಲಿಸಿದಾಗ ಎತ್ತಲು ಕವುಚಿಟ್ಟ ಬಹುಮಾನದ ಕಾರ್ಡು) ಎತ್ತುತ್ತಾನೆ, ಹಾಗಾಗಿ ಯಾವ ಆವೃತ್ತಿ ಸಿಕ್ಕರೂ ಆಟದ ರುಚಿ ಹೆಚ್ಚುಕಡಿಮೆ ಒಂದೇ. ಜಿಎಕ್ಸ್ ಹೆಸರಿನ ದಾಳಿಯನ್ನು ಮಾತ್ರ ಇಡೀ ಆಟದಲ್ಲಿ ಒಮ್ಮೆಯೇ ಬಳಸಬಹುದು, ಅಷ್ಟು ನೆನಪಿರಲಿ. ಬಿಡಿ ಪೊಟ್ಟಣ ತೆರೆದು ಡೆಕ್ಕು ಕಟ್ಟಲು ಹೊರಟರೆ ಖರ್ಚು ಕೈಮೀರುತ್ತದೆ. ಮೂರು ಡೆಕ್ಕು ಒಟ್ಟಿಗೆ ಸಿಗುವ ಈ ಪೆಟ್ಟಿಗೆ ಆ ಲೆಕ್ಕದಲ್ಲಿ ಗೆಲ್ಲುತ್ತದೆ.

ಕಲಿಸುವ ಕ್ರಮವೂ ಚೆನ್ನಾಗಿದೆ. ಮೊದಲ ಆಟಕ್ಕೆ ಡೆಕ್ಕನ್ನು ಕಲೆಸಬಾರದು. ಬಂದ ಕ್ರಮದಲ್ಲೇ ಇಟ್ಟು ಗೈಡು ಹೇಳಿದಂತೆ ಒಂದೊಂದೇ ಕಾರ್ಡು ಎತ್ತುತ್ತ ಹೋದರೆ ಎನರ್ಜಿ (ದಾಳಿಗೆ ಬೇಕಾದ ಶಕ್ತಿಯ ಕಾರ್ಡು) ಜೋಡಿಸುವುದು, ದಾಳಿ ಮಾಡುವುದು, ಪ್ರೈಜ್ ಎತ್ತುವುದು ಕೈಗೆ ಹತ್ತುತ್ತದೆ. ಪೆಟ್ಟಿಗೆ ಬಿಚ್ಚಿದ ಉತ್ಸಾಹದಲ್ಲಿ ಮಕ್ಕಳು ಇಸ್ಪೀಟಿನಂತೆ ಪಟಪಟ ಕಲೆಸಿಬಿಡುತ್ತಾರೆ, ಆಗ ಗೈಡು ಒಂದು ಹೇಳಿದರೆ ಕೈಯಲ್ಲಿ ಇನ್ನೊಂದಿರುತ್ತದೆ. ದೊಡ್ಡವರೊಬ್ಬರು ಮೊದಲೇ ಪಕ್ಕದಲ್ಲಿ ಕೂತಿದ್ದರೆ ಒಳ್ಳೆಯದು.

ಪೆಟ್ಟಿಗೆ ಸೋಲುವುದು ಎರಡನೆಯ ವಾರ. ಗೈಡು ಮುಗಿದು ಸ್ವಂತ ಆಟ ಶುರುವಾಗಿ, ಯಾರೋ ಕೊಟ್ಟ ಹತ್ತಿಪ್ಪತ್ತು ಬಿಡಿ ಕಾರ್ಡು ಡೆಕ್ಕಿಗೆ ಸೇರಿದ ಮೇಲೆ ಏಳುವ ಪ್ರಶ್ನೆಗಳೆಲ್ಲ ಒಂದೇ ಜಾತಿಯವು: ಈ ಕಾರ್ಡನ್ನು ಈಗ ಇಳಿಸಬಹುದೋ, ಇಲ್ಲವೋ? ಇಸ್ಪೀಟಿನಲ್ಲಿ ನಿಯಮ ಆಟಕ್ಕೆ ಸೇರಿದ್ದು, ಎಲೆಯ ಮೇಲೆ ಏನೂ ಬರೆದಿರುವುದಿಲ್ಲ. ಇಲ್ಲಿ ಪ್ರತಿ ಕಾರ್ಡೂ ತನ್ನ ಷರತ್ತನ್ನು ತಾನೇ ಹೊತ್ತು ಬರುತ್ತದೆ, ಸಾಮಾನ್ಯ ನಿಯಮಕ್ಕೂ ಕಾರ್ಡಿನ ಮಾತಿಗೂ ತಿಕ್ಕಾಟ ಬಂದರೆ ಕಾರ್ಡಿನ ಮಾತೇ ಮೇಲು. ಹಾಗಾಗಿ ಕಾರ್ಡು ಇಳಿಸುವ ಮುನ್ನ ನಾಲ್ಕು ಕಡೆ ಕಣ್ಣು ಹಾಯಿಸಬೇಕು. ಈ ಸರದಿಯಲ್ಲಿ ಆ ಬಗೆಯ ಕಾರ್ಡಿನ ಮಿತಿ ಮುಗಿದಿದೆಯೇ? ‘ಹೀಗಿದ್ದರೆ ಮಾತ್ರ’ ಎಂದು ಕಾರ್ಡಿನಲ್ಲೇ ಬರೆದಿದೆಯೇ? ಮೊದಲು ತೆರಬೇಕಾದ ಬೆಲೆ ಏನಾದರೂ ಇದೆಯೇ? ಕೊನೆಗೆ, ಇಳಿಸಿದರೆ ಏನಾದರೂ ಆಗುವ ಸಾಧ್ಯತೆ ಇದೆಯೇ? ನಾಲ್ಕರಲ್ಲಿ ಒಂದು ತಪ್ಪಿದರೂ ಕಾರ್ಡು ಕೈಯಲ್ಲೇ ಇರಬೇಕು.

ಮಿತಿಗಳನ್ನು ಬಾಯಿಪಾಠ ಮಾಡಿಬಿಡಬಹುದು. ಕೈಯಿಂದ ಎನರ್ಜಿ ಜೋಡಿಸುವುದು ಸರದಿಗೊಂದು. ಪೋಕೆಮಾನೂ ಎನರ್ಜಿಯೂ ಅಲ್ಲದ ನೆರವಿನ ಕಾರ್ಡುಗಳಿಗೆ ಟ್ರೇನರ್ ಎಂದು ಹೆಸರು. ಸಪೋರ್ಟರ್, ಸ್ಟೇಡಿಯಂ, ಟೂಲ್, ಐಟಮ್ ಅದರ ಬಗೆಗಳು. ಸಪೋರ್ಟರ್ ಸರದಿಗೊಂದು. ಸ್ಟೇಡಿಯಂ ಸರದಿಗೊಂದು, ಅದೂ ಈಗಾಗಲೇ ಮೇಜಿನ ಮೇಲಿರುವ ಸ್ಟೇಡಿಯಮ್ಮಿನ ಹೆಸರಿನದ್ದೇ ಆಗಿರಬಾರದು. ಟೂಲ್ ಎಷ್ಟಾದರೂ ಇಳಿಸಿ, ಆದರೆ ಒಂದು ಪೋಕೆಮಾನಿಗೆ ಒಂದೇ. ಐಟಮ್‌ಗೆ ಮಿತಿ ಇಲ್ಲ. ಮುಂದೆ ನಿಂತು ಕಾದಾಡುವ ಆಕ್ಟಿವ್ ಪೋಕೆಮಾನ್ ಬೆಂಚಿಗೆ, ಅಂದರೆ ಕಾಯುವವರ ಸಾಲಿಗೆ, ಹಿಂದೆ ಸರಿಯುವುದು ರಿಟ್ರೀಟ್, ಅದು ಸರದಿಗೊಮ್ಮೆ. ‘ಸ್ವಿಚ್’ ಎಂಬ ಐಟಮ್ ಬಳಸಿ ಬದಲಿಸಿದರೆ ಅದು ರಿಟ್ರೀಟ್ ಲೆಕ್ಕಕ್ಕೆ ಬರುವುದಿಲ್ಲ.

ತಲೆನೋವಿರುವುದು ಮೊದಲ ಸರದಿಯಲ್ಲಿ. ಈಗಿನ ನಿಯಮದಂತೆ ಮೊದಲು ಆಡುವವನು ತನ್ನ ಮೊದಲ ಸರದಿಯಲ್ಲಿ ದಾಳಿ ಮಾಡುವಂತಿಲ್ಲ, ಸಪೋರ್ಟರ್ ಇಳಿಸುವಂತಿಲ್ಲ. ಎರಡನೆಯವನು ಎರಡನ್ನೂ ಮಾಡಬಹುದು. ಪೋಕೆಮಾನನ್ನು ಇವಾಲ್ವ್ ಮಾಡುವುದು (ಅದರ ಮೇಲೆ ಮುಂದಿನ ರೂಪದ ಕಾರ್ಡು ಇಡುವುದು) ಮಾತ್ರ ಇಬ್ಬರಿಗೂ ಅವರವರ ಮೊದಲ ಸರದಿಯಲ್ಲಿ ನಿಷಿದ್ಧ. ಇಷ್ಟೇ ವಿಷಯಕ್ಕೆ ಜಗಳವೇಕೆ ಅಂದರೆ, ಮಕ್ಕಳು ನೋಡಿ ಕಲಿಯುವ ವಿಡಿಯೊಗಳು ಬೇರೆ ಬೇರೆ ಕಾಲದವು. 2011ರ ಬ್ಲ್ಯಾಕ್ ಅಂಡ್ ವೈಟ್ ಎಂಬ ಕಾರ್ಡು ಸರಣಿಯ ಕಾಲದಲ್ಲಿ ಮೊದಲ ಆಟಗಾರನೇ ದಾಳಿ ಮಾಡಬಹುದಿತ್ತು. ಎಕ್ಸ್‌ವೈ ಸರಣಿ ಬಂದಾಗ ಅದನ್ನು ನಿಲ್ಲಿಸಿದರು, ಸಪೋರ್ಟರ್ ಇಳಿಸುವ ಅವಕಾಶ ಮಾತ್ರ ಉಳಿಸಿದರು. 2020ರ ಸೋರ್ಡ್ ಅಂಡ್ ಶೀಲ್ಡ್ ಬಂದ ಮೇಲೆ ಸಪೋರ್ಟರ್ ಕೂಡ ಹೋಯಿತು. ಅಣ್ಣ 2015ರ ವಿಡಿಯೊ ನೋಡಿ ಕಲಿತಿದ್ದರೆ, ತಂಗಿ 2024ರ ಗೈಡು ಓದಿದ್ದರೆ, ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಮೇಜಿಗೆ ಕೂರುವ ಮೊದಲು ‘2020ರ ನಂತರದ ನಿಯಮ’ ಎಂದು ಒಪ್ಪಿಕೊಂಡರೆ ಅರ್ಧ ಗಲಾಟೆ ನಿಲ್ಲುತ್ತದೆ.

ಇದಕ್ಕೂ ಅಪವಾದಗಳಿವೆ, ಅವು ಕಾರ್ಡಿನಲ್ಲೇ ಬರೆದಿರುತ್ತವೆ. 2024ರ ‘ಕಾರ್ಮೈನ್’ ಸಪೋರ್ಟರ್ ನೋಡಿ: ಮೊದಲು ಆಡುವವನು ಮೊದಲ ಸರದಿಯಲ್ಲೇ ಇದನ್ನು ಬಳಸಬಹುದು ಎಂದು ಸ್ಪಷ್ಟವಾಗಿ ಹೇಳಿದೆ, ಕೈಯಲ್ಲಿದ್ದದ್ದೆಲ್ಲ ಡಿಸ್ಕಾರ್ಡ್ ಮಾಡಿ (ಬಿಸಾಡಿದ ರಾಶಿಗೆ ಹಾಕಿ) ಐದು ಎಳೆದುಕೊಳ್ಳುವುದು ಅದರ ಕೆಲಸ. 2025ರಲ್ಲಿ ಬಂದ ಕಾರ್ಡು ಸೆಟ್ಟು ಪ್ರಿಸ್ಮ್ಯಾಟಿಕ್ ಇವಲ್ಯೂಶನ್ಸ್‌ನ ಒಂದು ಈವೀ ಕಾರ್ಡು, ಮೊದಲ ಸರದಿಯಲ್ಲಿ ಅಥವಾ ಇಳಿಸಿದ ಸರದಿಯಲ್ಲೇ ಇವಾಲ್ವ್ ಆಗಬಲ್ಲದು. ಆದರೆ ಅದು ಆಕ್ಟಿವ್ ಜಾಗದಲ್ಲಿ ನಿಂತಿದ್ದರೆ ಮಾತ್ರ. ಬೆಂಚಿನಲ್ಲಿ ಕೂತ ಅದೇ ಈವೀಗೆ ಆ ರಿಯಾಯಿತಿ ಇಲ್ಲ. ‘ಈವೀ ಅಲ್ಲವಾ, ಆಗುತ್ತದೆ’ ಎಂದು ಬೇರೆ ಸೆಟ್ಟಿನ ಈವೀಗೂ ಇದನ್ನೇ ಅನ್ವಯಿಸುವವರಿದ್ದಾರೆ. ಹೆಸರು ಒಂದೇ ಆದರೂ ಕಾರ್ಡು ಬೇರೆ, ಮಾತು ಬೇರೆ.

ಇವಾಲ್ವ್ ಮಾಡುವ ಷರತ್ತಿನಲ್ಲಿ ಎರಡು ಪದರ ಇವೆ. ಈ ಸರದಿಯಲ್ಲೇ ಇಳಿಸಿದ ಪೋಕೆಮಾನ್ ಇವಾಲ್ವ್ ಆಗದು. ಈ ಸರದಿಯಲ್ಲಿ ಒಮ್ಮೆ ಇವಾಲ್ವ್ ಆದದ್ದು ಇನ್ನೊಮ್ಮೆ ಆಗದು. ಬೇಸಿಕ್, ಅಂದರೆ ಮೊದಲ ರೂಪವಾದ ಚಾರ್ಮ್ಯಾಂಡರ್ ಮೇಲೆ ನಡುವಿನ ರೂಪ ಚಾರ್ಮೀಲಿಯನ್ ಇಟ್ಟು ಅದೇ ಉಸಿರಿಗೆ ಸ್ಟೇಜ್ 2, ಅಂದರೆ ಕೊನೆಯ ರೂಪವಾದ ಚಾರಿಜಾರ್ಡ್ ಇಡುವುದು ತಪ್ಪು. ‘ರೇರ್ ಕ್ಯಾಂಡಿ’ ಎಂಬ ಐಟಮ್ ನಡುವಿನ ಮೆಟ್ಟಿಲನ್ನು ಹಾರಿಸುತ್ತದೆ, ನಿಜ. ಆದರೆ ಅದು ಕಾಯುವ ಸರದಿಯನ್ನು ಹಾರಿಸುವುದಿಲ್ಲ. ಮೊದಲ ಸರದಿಯಲ್ಲಿ ಬಳಸುವಂತಿಲ್ಲ, ಈಗಷ್ಟೇ ಇಳಿದ ಬೇಸಿಕ್ ಮೇಲೂ ಬಳಸುವಂತಿಲ್ಲ ಎಂದು ಕಾರ್ಡಿನ ಕೊನೆಯ ಸಾಲಿನಲ್ಲಿದೆ. ಜತೆಗೆ ಆ ಬೇಸಿಕ್‌ಗೆ ಸೇರಿದ ಸ್ಟೇಜ್ 2 ಕಾರ್ಡು ನಿಮ್ಮ ಕೈಯಲ್ಲಿ ಇರಲೇಬೇಕು. ಕ್ಯಾಂಡಿ ಇಳಿಸಿ ಆಮೇಲೆ ಡೆಕ್ಕಿನಿಂದ ಹುಡುಕುತ್ತೇನೆ ಅಂದರೆ ಆಗದು. ಇನ್ನೊಂದು: ಇವಾಲ್ವ್ ಆದಾಗ ನಿದ್ದೆ, ವಿಷ ಮುಂತಾದ ಸ್ಥಿತಿಗಳು ಹೋಗುತ್ತವೆ, ಬಿದ್ದ ಪೆಟ್ಟು ಹೋಗುವುದಿಲ್ಲ. ಪೆಟ್ಟು ಎಣಿಸಲು ಮೇಲಿಟ್ಟ ದಾಳಗಳನ್ನು ಎತ್ತಿಟ್ಟು, ಹೊಸ ಕಾರ್ಡು ಹಾಕಿ, ಅದೇ ಸಂಖ್ಯೆಯಲ್ಲಿ ಮತ್ತೆ ಇಡಬೇಕು.

ಬೆಲೆ ತೆರುವ ಕಾರ್ಡಿಗೆ ‘ಅಲ್ಟ್ರಾ ಬಾಲ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೈಯಲ್ಲಿರುವ ಬೇರೆ ಎರಡು ಕಾರ್ಡು ಡಿಸ್ಕಾರ್ಡ್ ಮಾಡಿದರೆ ಮಾತ್ರ ಇದನ್ನು ಬಳಸಬಹುದು. ಆಮೇಲೆ ಡೆಕ್ಕಿನಿಂದ ಬೇಕಾದ ಪೋಕೆಮಾನ್ ಹುಡುಕಿ, ತೋರಿಸಿ, ಕೈಗೆ ತೆಗೆದುಕೊಳ್ಳಬಹುದು. ‘ಬೇರೆ’ ಎಂದಿರುವುದರಿಂದ ಅಲ್ಟ್ರಾ ಬಾಲ್ ಲೆಕ್ಕಕ್ಕಿಲ್ಲ. ಅಂದರೆ ಕೈಯಲ್ಲಿ ಅದೂ ಸೇರಿ ಕನಿಷ್ಠ ಮೂರು ಕಾರ್ಡು ಬೇಕು. ಎರಡೇ ಇದ್ದಾಗ ‘ಇದ್ದಷ್ಟು ಕೊಡುತ್ತೇನೆ’ ಎಂಬ ಚೌಕಾಸಿ ನಡೆಯದು. ಕ್ರಮವೂ ಮುಖ್ಯ: ಮೊದಲು ಡಿಸ್ಕಾರ್ಡ್, ಆಮೇಲೆ ಹುಡುಕಾಟ. ಡೆಕ್ಕು ನೋಡಿ, ಏನಿದೆ ಎಂದು ತಿಳಿದುಕೊಂಡು, ನಂತರ ಯಾವೆರಡು ಬಿಸಾಡಲಿ ಎಂದು ಯೋಚಿಸುವುದು ಮಕ್ಕಳ ಮಾಮೂಲು ಚಾಳಿ. ಅದನ್ನು ಮೊದಲ ದಿನವೇ ತಿದ್ದದಿದ್ದರೆ ಮುಂದೆ ತಿದ್ದುವುದು ಕಷ್ಟ.

ಇದರ ಪಕ್ಕದಲ್ಲಿ ‘ಪ್ರೊಫೆಸರ್ಸ್ ರಿಸರ್ಚ್’ ಇಟ್ಟು ನೋಡಿ. ಕೈಯಲ್ಲಿದ್ದದ್ದನ್ನೆಲ್ಲ ಡಿಸ್ಕಾರ್ಡ್ ಮಾಡಿ ಏಳು ಕಾರ್ಡು ಎಳೆಯಿರಿ ಎನ್ನುತ್ತದೆ. ಇಲ್ಲಿ ಡಿಸ್ಕಾರ್ಡ್ ಪರಿಣಾಮದ ಒಂದು ಭಾಗ, ಮೊದಲೇ ಕಟ್ಟಬೇಕಾದ ಬೆಲೆಯಲ್ಲ. ಹಾಗಾಗಿ ಕೈಯಲ್ಲಿ ಇದೊಂದೇ ಕಾರ್ಡು ಉಳಿದಿದ್ದರೂ ಧಾರಾಳವಾಗಿ ಇಳಿಸಬಹುದು. ಡೆಕ್ಕಿನಲ್ಲಿ ನಾಲ್ಕೇ ಉಳಿದಿದ್ದರೆ ನಾಲ್ಕನ್ನೇ ಎಳೆಯುವುದು. ಅದರಿಂದ ಸೋಲು ಬರುವುದಿಲ್ಲ. ಸರದಿ ಶುರುವಾದಾಗ ಎಳೆಯಲು ಕಾರ್ಡಿಲ್ಲದಿದ್ದರೆ ಮಾತ್ರ ಸೋಲು.

‘ಕೌಂಟರ್ ಕ್ಯಾಚರ್’ನಂಥ ಐಟಮ್‌ಗೆ ಬೆಲೆಯಿಲ್ಲ, ಪರಿಸ್ಥಿತಿಯ ಷರತ್ತು ಇದೆ: ನಿಮ್ಮ ಬಳಿ ಉಳಿದ ಪ್ರೈಜ್ ಎದುರಾಳಿಯದ್ದಕ್ಕಿಂತ ಹೆಚ್ಚಿರಬೇಕು. ಸಮವಿದ್ದರೆ ಸಾಲದು. ಪ್ರೈಜನ್ನು ಎಣಿಸುವಾಗ ಎತ್ತಿದ್ದೆಷ್ಟು ಎಂದು ಎಣಿಸಿ ಉಲ್ಟಾ ಮಾಡಿಕೊಳ್ಳುವುದು ಬಹಳ. ಮೇಜಿನ ಮೇಲೆ ಇನ್ನೂ ಕವುಚಿ ಬಿದ್ದಿರುವವುಗಳನ್ನೇ ಎಣಿಸಬೇಕು.

ಗೈಡು ಸರಿಯಾಗಿ ಒತ್ತಿ ಹೇಳದ ನಿಯಮವೊಂದಿದೆ: ಆಟದಲ್ಲಿ ಏನನ್ನೂ ಬದಲಿಸಲಾರದ ಟ್ರೇನರ್ ಕಾರ್ಡನ್ನು ಸುಮ್ಮನೆ ಇಳಿಸುವಂತಿಲ್ಲ. ನಿಮ್ಮ ಯಾವ ಪೋಕೆಮಾನಿಗೂ ಪೆಟ್ಟು ಬಿದ್ದಿಲ್ಲವೆಂದರೆ ‘ಪೋಶನ್’ ಇಳಿಸಲಾಗದು. ನಿಮ್ಮ ಬೆಂಚು ಖಾಲಿಯಿದ್ದರೆ ‘ಸ್ವಿಚ್’ ಇಲ್ಲ. ಎದುರಾಳಿಯ ಬೆಂಚು ಖಾಲಿಯಿದ್ದರೆ ‘ಬಾಸಸ್ ಆರ್ಡರ್ಸ್’ ಇಲ್ಲ. ನಿಮ್ಮ ಬೆಂಚಿನ ಐದೂ ಜಾಗ ತುಂಬಿದ್ದರೆ, ಬೇಸಿಕ್ ಹುಡುಕಿ ಬೆಂಚಿಗಿಡುವ ‘ನೆಸ್ಟ್ ಬಾಲ್’ ಇಲ್ಲ. ‘ಇಳಿಸಿದರೆ ನಷ್ಟ ಯಾರಿಗೆ?’ ಎಂದು ಕೇಳುವ ಮಕ್ಕಳಿಗೆ ಕಾರಣ ಹೇಳಬೇಕು. ಕೈ ಖಾಲಿ ಮಾಡಿಕೊಳ್ಳುವುದೇ ಕೆಲವೊಮ್ಮೆ ಲಾಭ: ಕೈಯಲ್ಲಿ ಇಂತಿಷ್ಟಾಗುವವರೆಗೆ ಎಳೆಯಿರಿ ಎನ್ನುವ ಕಾರ್ಡುಗಳಿವೆ. ಬೇಡದ ಪೋಶನ್ನು ಹೀಗೆ ಚೆಲ್ಲಿ, ಆಮೇಲೆ ಭರ್ತಿ ಎಳೆದುಕೊಳ್ಳುವ ಹಾದಿಯನ್ನು ನಿಯಮ ಮುಚ್ಚುತ್ತದೆ.

ಡೆಕ್ಕಿನಲ್ಲಿ ಹುಡುಕುವ ಕಾರ್ಡುಗಳಿಗೆ ಮಾತ್ರ ಇದೇ ನಿಯಮ ಸ್ವಲ್ಪ ಸಡಿಲ. ಡೆಕ್ಕಿನೊಳಗೆ ಏನಿದೆ ಎಂಬುದು ಗುಟ್ಟು. ಆದ್ದರಿಂದ ಅಲ್ಟ್ರಾ ಬಾಲ್ ಇಳಿಸಿ, ಹುಡುಕಿ, ‘ಸಿಗಲಿಲ್ಲ’ ಎಂದು ಹೇಳಿ ಡೆಕ್ಕು ಕಲೆಸಿಟ್ಟರೆ ಅದು ಕಾನೂನುಬದ್ಧ. ನಿಜವಾಗಿ ಒಂದು ಪೋಕೆಮಾನ್ ಇದ್ದರೂ ತೆಗೆದುಕೊಳ್ಳದೆ ಬಿಡಬಹುದು. ಬಗೆ ಹೇಳದೆ ‘ಯಾವುದಾದರೂ ಒಂದು ಕಾರ್ಡು’ ಎಂದಿದ್ದರೆ ಮಾತ್ರ ತೆಗೆದುಕೊಳ್ಳಲೇಬೇಕು, ಏಕೆಂದರೆ ಇಲ್ಲ ಎನ್ನುವ ಹಾಗೇ ಇಲ್ಲ. ಡೆಕ್ಕಿನಲ್ಲಿ ಒಂದೂ ಕಾರ್ಡು ಉಳಿದಿಲ್ಲವಾದರೆ ಹುಡುಕುವ ಕಾರ್ಡು ಇಳಿಸುವಂತಿಲ್ಲ. ಡಿಸ್ಕಾರ್ಡ್ ರಾಶಿಯ ಕಥೆ ಬೇರೆ. ಅದು ಇಬ್ಬರ ಕಣ್ಣಿಗೂ ತೆರೆದದ್ದು. ‘ಎನರ್ಜಿ ರಿಟ್ರೀವಲ್’ ಇಳಿಸಬೇಕಾದರೆ ಅಲ್ಲಿ ಕನಿಷ್ಠ ಒಂದಾದರೂ ಬೇಸಿಕ್ ಎನರ್ಜಿ ಕಾಣಬೇಕು. ‘ಎರಡರವರೆಗೆ’ ಎಂದು ಕಾರ್ಡು ಹೇಳುವುದರಿಂದ ಒಂದೇ ಇದ್ದರೂ ಸಾಕು.

ನಾಣ್ಯದ ಕಾರ್ಡುಗಳಲ್ಲಿ ಜನ ಎರಡು ಬೇರೆ ವಿಷಯವನ್ನು ಒಂದಾಗಿಸುತ್ತಾರೆ. ‘ಕ್ರಶಿಂಗ್ ಹ್ಯಾಮರ್’ ಇಳಿಸಿ ನಾಣ್ಯ ಚಿಮ್ಮಿ, ಹೆಡ್ಸ್ ಬಿದ್ದರೆ ಎದುರಾಳಿಯ ಪೋಕೆಮಾನಿನ ಮೇಲಿರುವ ಒಂದು ಎನರ್ಜಿ ಕೀಳಬಹುದು. ಟೇಲ್ಸ್ ಬಿದ್ದರೆ ಕಾರ್ಡು ವಾಪಸ್ ಕೈಗೆ ಬರುವುದಿಲ್ಲ, ಡಿಸ್ಕಾರ್ಡಿಗೇ ಹೋಗುತ್ತದೆ. ನಾಣ್ಯ ಬೀಳುವ ಬಗೆ ಪರಿಣಾಮಕ್ಕೆ ಸೇರಿದ್ದು. ಇಳಿಸಲು ಬೇಕಾದದ್ದು ಎದುರಾಳಿಯ ಕಡೆ ಎಲ್ಲಾದರೂ ಒಂದು ಎನರ್ಜಿ.

ಇನ್ನು ನಿಜವಾಗಿ ಸೂಕ್ಷ್ಮವಾದದ್ದಕ್ಕೆ ಬರೋಣ: ಕಾರ್ಡು ಎಲ್ಲಿಂದ ಬಂತು ಎಂಬ ಷರತ್ತು. 2022ರ ‘ಲ್ಯುಮಿನಿಯನ್ ವಿ’ಯ ಎಬಿಲಿಟಿ (ದಾಳಿಯಲ್ಲದ ವಿಶೇಷ ಶಕ್ತಿ) ಹೇಳುವುದು, ನಿಮ್ಮ ಸರದಿಯಲ್ಲಿ ಇದನ್ನು ಕೈಯಿಂದ ಬೆಂಚಿಗೆ ಇಳಿಸಿದಾಗ ಡೆಕ್ಕಿನಿಂದ ಒಂದು ಸಪೋರ್ಟರ್ ಹುಡುಕಿಕೊಳ್ಳಬಹುದು ಎಂದು. ನೆಸ್ಟ್ ಬಾಲ್ ಬಳಸಿ ಅದನ್ನು ನೇರ ಡೆಕ್ಕಿನಿಂದ ಬೆಂಚಿಗೆ ತಂದರೆ ಎಬಿಲಿಟಿ ಏಳುವುದಿಲ್ಲ, ಏಕೆಂದರೆ ಅದು ಕೈಗೆ ಬಂದೇ ಇಲ್ಲ. ಅಲ್ಟ್ರಾ ಬಾಲ್‌ನಿಂದ ಹುಡುಕಿದರೆ ಮೊದಲು ಕೈಗೆ ಬರುತ್ತದೆ, ಅಲ್ಲಿಂದ ಬೆಂಚಿಗೆ ಇಳಿಸಿದರೆ ಎಬಿಲಿಟಿ ನಡೆಯುತ್ತದೆ. ಎರಡು ಕಾರ್ಡು ಬಿಸಾಡುವ ದುಬಾರಿ ಬಾಲ್ ಅನ್ನು ಜನ ಆರಿಸುವುದು ಇಂಥದ್ದಕ್ಕೇ. ಆಟ ಶುರುವಾಗುವ ಮುನ್ನ ಜೋಡಿಸುವಾಗ ಬೆಂಚಿಗಿಟ್ಟರೂ ಎಬಿಲಿಟಿ ಇಲ್ಲ, ಅದು ಯಾರ ಸರದಿಯೂ ಅಲ್ಲ. 2023ರ ‘ಚಾರಿಜಾರ್ಡ್ ಇಎಕ್ಸ್’ ಕೂಡ ಹೀಗೇ: ಕೈಯಿಂದ ಇಳಿಸಿ ಇವಾಲ್ವ್ ಮಾಡಿದಾಗ ಡೆಕ್ಕಿನಿಂದ ಮೂರರವರೆಗೆ ಬೇಸಿಕ್ ಫೈರ್ ಎನರ್ಜಿ ಜೋಡಿಸಬಹುದು. ರೇರ್ ಕ್ಯಾಂಡಿ ಬಳಸಿದರೂ ಕಾರ್ಡು ಬರುವುದು ಕೈಯಿಂದಲೇ, ಆದ್ದರಿಂದ ಎಬಿಲಿಟಿ ನಡೆಯುತ್ತದೆ. ಹೀಗೆ ಜೋಡಿಸಿದ ಮೂರು ಎನರ್ಜಿ ಸರದಿಗೊಂದು ಎಂಬ ಮಿತಿಗೆ ಸೇರುವುದಿಲ್ಲ. ಕೈಯಿಂದ ಇನ್ನೊಂದನ್ನು ಇಡಬಹುದು. ‘ನಾಲ್ಕು ಎನರ್ಜಿ ಹೇಗೆ ಬಂತು?’ ಎಂಬ ಕೂಗು ಏಳುವುದು ಇಲ್ಲೇ.

ತಡೆಯುವ ಕಾರ್ಡುಗಳೂ ಇವೆ. ‘ಬಡ್ಯೂ’ ಎಂಬ 30 ಎಚ್‌ಪಿಯ (ಸೋಲುವ ಮುನ್ನ ತಾಳುವ ಪೆಟ್ಟಿನ ಲೆಕ್ಕ) ಪುಟ್ಟ ಪೋಕೆಮಾನ್ ಎನರ್ಜಿಯೇ ಇಲ್ಲದೆ 10ರ ದಾಳಿ ಮಾಡಿ, ಮುಂದಿನ ಸರದಿಯಲ್ಲಿ ಎದುರಾಳಿ ಕೈಯಿಂದ ಐಟಮ್ ಇಳಿಸದಂತೆ ಮಾಡುತ್ತದೆ. ಅಲ್ಟ್ರಾ ಬಾಲ್, ನೆಸ್ಟ್ ಬಾಲ್, ರೇರ್ ಕ್ಯಾಂಡಿ ಎಲ್ಲಕ್ಕೂ ಬೀಗ. ಸಪೋರ್ಟರ್, ಸ್ಟೇಡಿಯಂ, ಎನರ್ಜಿಗೆ ಅಡ್ಡಿಯಿಲ್ಲ. ಟೂಲ್‌ಗೆ? ಅದಕ್ಕೂ ಅಡ್ಡಿಯಿಲ್ಲ. 2023ರಲ್ಲಿ ಸ್ಕಾರ್ಲೆಟ್ ಅಂಡ್ ವಯಲೆಟ್ ಸರಣಿ ಶುರುವಾದಾಗ ಟೂಲನ್ನು ಐಟಮ್‌ನಿಂದ ಬೇರೆ ಮಾಡಿದರು, ಹಳೆಯ ಮುದ್ರಣದ ಟೂಲ್‌ಗೂ ಅದೇ ಅನ್ವಯ. ಹಳೆಯ ಕಾರ್ಡಿನ ಮೂಲೆಯಲ್ಲಿ ‘ಐಟಮ್’ ಎಂದು ಅಚ್ಚಾಗಿದ್ದರೂ ಅದನ್ನು ಟೂಲ್ ಎಂದೇ ಓದಬೇಕು. ಕಾರ್ಡಿನ ಮೇಲಿನ ಅಚ್ಚನ್ನು ಬಿಟ್ಟು ನಿಯಮ ಪುಸ್ತಕದ ಮಾತು ನಂಬಬೇಕಾದ ಅಪರೂಪದ ಜಾಗ ಇದು.

ಈಗ ದಾಳ. ಪೆಟ್ಟಿಗೆಯೊಳಗಿನ ರಟ್ಟಿನ ಕೌಂಟರುಗಳ ಬಗ್ಗೆ ಒಳ್ಳೆಯ ಮಾತು ಹೇಳಲಾಗದು. ನಮ್ಮ ಕರಾವಳಿಯ ಸೆಕೆಗೆ ಫ್ಯಾನ್ ಹಾಕದೆ ಕೂರುವಂತಿಲ್ಲ, ಫ್ಯಾನ್ ಹಾಕಿದರೆ ರಟ್ಟು ಸರಿದಾಡುತ್ತದೆ, ಎರಡು ಮಳೆಗಾಲ ಕಂಡರೆ ಅಂಚು ಉಬ್ಬಿ ಪದರ ಬಿಡುತ್ತದೆ. ದಾಳವೇ ಸರಿ. ಒಂದು ಚುಕ್ಕಿಗೆ 10ರ ಪೆಟ್ಟು ಎಂಬುದು ರೂಢಿ. ‘ಎಲೀಟ್ ಟ್ರೇನರ್ ಬಾಕ್ಸ್’ ಎಂಬ ದೊಡ್ಡ ಪೆಟ್ಟಿಗೆಯಲ್ಲಿ ಆರು ಡ್ಯಾಮೇಜ್ ದಾಳ, ನಾಣ್ಯದ ಬದಲಿಗೆ ಉರುಳಿಸುವ ಒಂದು ದೊಡ್ಡ ದಾಳ, ವಿಷ ಮತ್ತು ಸುಟ್ಟ ಸ್ಥಿತಿ ಸೂಚಿಸುವ ಎರಡು ಮಾರ್ಕರು, 65 ಸ್ಲೀವ್ (ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ) ಬರುತ್ತವೆ. ಆದರೆ ಅದರ ಬೆಲೆಯೆಲ್ಲ ಒಳಗಿನ ಬೂಸ್ಟರ್, ಅಂದರೆ ಬಿಡಿ ಕಾರ್ಡಿನ ಪೊಟ್ಟಣಗಳದ್ದು. ದಾಳಕ್ಕಾಗಿ ಅದನ್ನು ಕೊಳ್ಳುವುದು ದಂಡ.

ಆರು ದಾಳ ಸಾಲುವುದೂ ಇಲ್ಲ. ಚಾರಿಜಾರ್ಡ್ ಇಎಕ್ಸ್‌ನ ಎಚ್‌ಪಿ 330. ಅದು 320 ಪೆಟ್ಟು ತಿಂದು ಉಳಿದರೆ 32 ಚುಕ್ಕಿ ಬೇಕು: ಆರರ ಮುಖದ ಐದು ದಾಳ, ಎರಡರ ಮುಖದ ಒಂದು. ಒಂದೇ ಪೋಕೆಮಾನ್ ಆರೂ ದಾಳ ನುಂಗಿತು, ಎದುರಾಳಿಗೆ ಒಂದೂ ಉಳಿಯಲಿಲ್ಲ. ಇದಕ್ಕೆ ಸುಲಭದ ದಾರಿ, 00ರಿಂದ 90ರವರೆಗೆ ಹತ್ತರ ಮಗ್ಗಿ ಬರೆದಿರುವ ಹತ್ತು ಮುಖದ ದಾಳ. ನೂರಕ್ಕೆ ಬೇರೆ ಬಣ್ಣದ ಮಾಮೂಲಿ ದಾಳ ಒಂದು. 320 ಎಂದರೆ ಕೆಂಪು ದಾಳದಲ್ಲಿ 3, ಹತ್ತು ಮುಖದ್ದರಲ್ಲಿ 20. ಪ್ರತಿ ಆಟಗಾರನಿಗೆ ಆಕ್ಟಿವ್ ಒಂದು, ಬೆಂಚು ಐದು, ಒಟ್ಟು ಆರು ಪೋಕೆಮಾನ್. ಆರು ಜೊತೆ ದಾಳ ಇದ್ದರೆ ಕೊರತೆ ಬಾರದು.

ದಾಳದಲ್ಲಿ ಆಗುವ ಅನಾಹುತ ಎರಡು ಬಗೆಯದ್ದು. ಒಂದು, ನಾಣ್ಯಕ್ಕೆ ಬದಲಾಗಿ ಉರುಳಿಸಲು ಕಾರ್ಡಿನ ಮೇಲಿದ್ದ ಡ್ಯಾಮೇಜ್ ದಾಳವನ್ನೇ ಎತ್ತಿಬಿಡುವುದು. ಎಷ್ಟು ಪೆಟ್ಟಿತ್ತು ಎಂಬುದು ಆಮೇಲೆ ಇಬ್ಬರಿಗೂ ನೆನಪಿರುವುದಿಲ್ಲ, ಇಬ್ಬರ ನೆನಪೂ ಅವರವರ ಕಡೆಗೇ ವಾಲುತ್ತದೆ. ಉರುಳಿಸುವ ದಾಳ ಬೇರೆ ಬಣ್ಣದ್ದಾಗಿರಲಿ, ಬೋರ್ಡಿನ ಹೊರಗೆ ಒಂದು ಸ್ಟೀಲ್ ತಟ್ಟೆಯಲ್ಲಿರಲಿ. ಸಮ ಬಂದರೆ ಹೆಡ್ಸ್, ಬೆಸ ಬಂದರೆ ಟೇಲ್ಸ್, ತಟ್ಟೆಯಿಂದ ಹೊರಗೆ ಹಾರಿದರೆ ಮತ್ತೆ ಉರುಳಿಸುವುದು: ಇಷ್ಟನ್ನು ಉರುಳಿಸುವ ಮೊದಲೇ ಹೇಳಿಕೊಳ್ಳಬೇಕು. ಎರಡನೆಯದು, ಕಾರ್ಡು ತಿರುಗಿಸುವಾಗ. ನಿದ್ದೆ ಬಂದ ಪೋಕೆಮಾನನ್ನು ಎಡಕ್ಕೆ, ಪಾರ್ಶ್ವವಾಯು ಬಡಿದದ್ದನ್ನು ಬಲಕ್ಕೆ, ಗೊಂದಲಗೊಂಡದ್ದನ್ನು ತಲೆಕೆಳಗಾಗಿ ತಿರುಗಿಸಿಡುವುದು ನಿಯಮ. ಮೇಲೆ ದಾಳ ಇಟ್ಟುಕೊಂಡೇ ತಿರುಗಿಸಿದರೆ ಮುಖ ಮಗುಚುತ್ತದೆ. ಮೊದಲು ದಾಳವನ್ನು ಪಕ್ಕಕ್ಕೆ ಎತ್ತಿಡಿ, ತಿರುಗಿಸಿ, ಮತ್ತೆ ಇಡಿ.

ಕಾರ್ಡಿನ ಅಳತೆ 63×88 ಮಿ.ಮೀ. ಸ್ಲೀವ್ ಕೊಳ್ಳುವಾಗ 66×91 ಕೇಳಿ. ಚಿಕ್ಕ ಜಪಾನಿ ಅಳತೆಯ ಸ್ಲೀವ್ ತಂದರೆ ಕಾರ್ಡು ಒಳಗೆ ಹೋಗದು. ಜೂನ್‌ನಿಂದ ಇಲ್ಲಿನ ತೇವಕ್ಕೆ ಹೊಳೆಯುವ ಫಾಯಿಲ್ ಕಾರ್ಡುಗಳು ಬಿಲ್ಲಿನಂತೆ ಬಾಗುತ್ತವೆ. ನೋಟಕ್ಕಷ್ಟೇ ಕೆಟ್ಟದ್ದಾಗಿದ್ದರೆ ಸುಮ್ಮನಿರಬಹುದಿತ್ತು. ಬಾಗಿದ ಕಾರ್ಡು ಡೆಕ್ಕಿನ ನಡುವೆ ಎಲ್ಲಿದೆ ಎಂದು ಬದಿಯಿಂದಲೇ ಗೊತ್ತಾಗುತ್ತದೆ, ಅದು ಗುರುತು ಮಾಡಿದ ಕಾರ್ಡಿನಂತೆಯೇ. ಇಡೀ ಡೆಕ್ಕಿಗೆ ಒಂದೇ ಬಗೆಯ ಸ್ಲೀವ್ ಹಾಕಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಟ್ಟರೆ ಬಹುಪಾಲು ನೆಟ್ಟಗಿರುತ್ತವೆ. ಬಿಸಿಲಿಗಿಟ್ಟು ನೆಟ್ಟಗೆ ಮಾಡುವ ಪ್ರಯತ್ನ ಬೇಡ, ಆಚೆ ಕಡೆ ಬಾಗುತ್ತದೆ.

ಚಿನ್ನದ ಬಣ್ಣದ ನಕಲಿಗಳ ವಿಷಯ ಹೇಳುವುದಿದೆ. ಅವು ಪ್ಲಾಸ್ಟಿಕ್, ಹಿಂಬದಿಯೂ ಚಿನ್ನವೇ. ಅಸಲಿ ಕಾರ್ಡಿನ ಹಿಂಬದಿ ನೀಲಿ, ನಡುವೆ ಕೆಂಪು ಬಿಳಿ ಚೆಂಡು. ಕಾಗದದ ನಕಲಿಗಳು ಇನ್ನೂ ಮೋಸದವು. ಅಸಲಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡು ಪದರದ ನಡುವೆ ಕಪ್ಪು ಗೆರೆಯೊಂದು ಕಾಣುತ್ತದೆ, ಅಗ್ಗದ ನಕಲಿಗಳಲ್ಲಿ ಅದಿರುವುದಿಲ್ಲ. ಆಟದ ದೃಷ್ಟಿಯಿಂದ ದೊಡ್ಡ ತೊಂದರೆ ಬೇರೆ: ಒಂದರ ಚಿತ್ರಕ್ಕೆ ಇನ್ನೊಂದರ ಮಾತು ಅಚ್ಚಾಗಿರುತ್ತದೆ, ಎಚ್‌ಪಿ ಬಾಯಿಗೆ ಬಂದಷ್ಟಿರುತ್ತದೆ, ಷರತ್ತಿನ ಸಾಲು ಅರ್ಧಕ್ಕೇ ನಿಂತಿರುತ್ತದೆ. ಕಾರ್ಡಿನ ಮಾತೇ ಮೇಲು ಎಂಬ ಆಟದಲ್ಲಿ ಮಾತೇ ಸುಳ್ಳಾದ ಕಾರ್ಡನ್ನು ಡೆಕ್ಕಿಗೆ ಸೇರಿಸಿದರೆ ಯಾವ ತಕರಾರಿಗೂ ತೀರ್ಮಾನ ಸಿಗದು. ಒಂದನ್ನೂ ಸೇರಿಸಬೇಡಿ.

ಕಾರ್ಡಿನ ಮೇಲೆ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ, ಎಲ್ಲ ಇಂಗ್ಲಿಷು. ಮಂಜೇಶ್ವರದ ಮೇಜೊಂದರಲ್ಲಿ ಒಬ್ಬ ತುಳುವಿನಲ್ಲಿ ವಾದಿಸಿದರೆ ಇನ್ನೊಬ್ಬ ಮಲಯಾಳದಲ್ಲಿ ಉತ್ತರ ಕೊಡುತ್ತಾನೆ, ಕಾರ್ಡನ್ನು ಪೂರ್ತಿ ಓದಿದವರು ಇಬ್ಬರೂ ಅಲ್ಲ. ಬಾಲವೇದಿಗೆ ಈ ಪೆಟ್ಟಿಗೆ ತರುವವರು ಡೆಕ್ಕಿನಲ್ಲಿರುವ ಟ್ರೇನರ್ ಕಾರ್ಡುಗಳಿಗೆ ಒಂದು ಎ4 ಹಾಳೆ ಕನ್ನಡದಲ್ಲಿ ಬರೆದಿಟ್ಟರೆ ಸಾಕು. ಬೇರೆ ಬೇರೆ ಹೆಸರು ಎಣಿಸಿದರೆ ಒಂದು ಡೆಕ್ಕಿಗೆ ಒಂದು ಮಗ್ಗುಲಲ್ಲೇ ಮುಗಿಯುತ್ತದೆ. ಪ್ರತಿ ಕಾರ್ಡಿಗೆ ಎರಡೇ ಸಾಲು: ಇಳಿಸುವ ಮೊದಲು ಏನಿರಬೇಕು, ಇಳಿಸಿದ ಮೇಲೆ ಏನು ಮಾಡಬೇಕು. ‘ಅಲ್ಟ್ರಾ ಬಾಲ್: ಕೈಯಲ್ಲಿ ಬೇರೆ ಎರಡು ಕಾರ್ಡಿರಬೇಕು, ಅವನ್ನು ಮೊದಲು ಡಿಸ್ಕಾರ್ಡ್ ಮಾಡು. ಆಮೇಲೆ ಒಂದು ಪೋಕೆಮಾನ್ ಹುಡುಕಿ, ತೋರಿಸಿ, ಕೈಗೆ ತಗೊ, ಡೆಕ್ಕು ಕಲೆಸು.’ ತಪ್ಪಾಗಿ ಇಳಿಸಿದ್ದು ಕೂಡಲೇ ಗೊತ್ತಾದರೆ, ಹೊಸ ಕಾರ್ಡು ಎಳೆದಿಲ್ಲ, ಡೆಕ್ಕು ನೋಡಿಲ್ಲವೆಂದಾದರೆ, ವಾಪಸ್ ಕೈಗೆ ತೆಗೆದುಕೊಳ್ಳಲು ಬಿಡಿ. ಡೆಕ್ಕು ನೋಡಿಯಾಗಿದ್ದರೆ ಕಾರ್ಡು ಡಿಸ್ಕಾರ್ಡಿಗೆ, ಪರಿಣಾಮ ಇಲ್ಲ. ಇದು ಮನೆಯ ನಿಯಮ, ಟೂರ್ನಮೆಂಟಿನದ್ದಲ್ಲ.

ಯಾವ ಆವೃತ್ತಿ ಕೊಳ್ಳಬೇಕು? ಮನೆಯಲ್ಲಿ ಆಡಲು ಯಾವುದಾದರೂ ಆದೀತು, ಹಳೆಯದು ಕಡಿಮೆಗೆ ಸಿಕ್ಕರೆ ಅದೇ ತನ್ನಿ. ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಸ್ಪರ್ಧೆಯಲ್ಲಿ ಆಡುವ ಯೋಚನೆಯಿದ್ದರೆ ಕಾರ್ಡಿನ ಕೆಳಮೂಲೆಯ ಸಣ್ಣ ಅಕ್ಷರ ನೋಡಬೇಕು. 2025ರ ಏಪ್ರಿಲ್ 11ರಿಂದ ಎಫ್ ಗುರುತಿನ ಕಾರ್ಡುಗಳು ಇತ್ತೀಚಿನ ಕಾರ್ಡುಗಳಷ್ಟೇ ನಡೆಯುವ ಸ್ಟ್ಯಾಂಡರ್ಡ್ ಬಗೆಯ ಸ್ಪರ್ಧೆಯಿಂದ ಹೊರಗಾದವು, ಅದಕ್ಕಿಂತ ಹಿಂದಿನ ಅಕ್ಷರಗಳು ಮೊದಲೇ ಹೋಗಿದ್ದವು. ಆ ಲೆಕ್ಕದಲ್ಲಿ 2020 ಮತ್ತು 2022ರ ಪೆಟ್ಟಿಗೆಯ ಡೆಕ್ಕುಗಳು ಅಲ್ಲಿ ನಡೆಯುವುದಿಲ್ಲ. ಆನ್‌ಲೈನಿನಲ್ಲಿ ತರಿಸುವಾಗ ಮಾರುವವರ ಚಿತ್ರದಲ್ಲಿ ಮುಚ್ಚಳದ ಮೇಲಿರುವ ಪೋಕೆಮಾನ್ ಯಾವುದೆಂದು ನೋಡಿಕೊಳ್ಳಿ: ಆರ್ಮರೂಜ್, ಡಾರ್ಕ್ರೈ, ಪಿಕಾಚು ಮೂರೂ ಇದ್ದರೆ 2024ರದ್ದು, ಸಿಂಡರೇಸ್, ಈವೀ ಇದ್ದರೆ 2022ರದ್ದು, ಚಾರಿಜಾರ್ಡ್, ಮ್ಯೂಟೂ ಇದ್ದರೆ ಮೊದಲನೆಯದು. ಹೆಸರು ಮೂರಕ್ಕೂ ಒಂದೇ ಆದ್ದರಿಂದ ಹೊಸದರ ಬೆಲೆಗೆ ಹಳೆಯದು ಮನೆಗೆ ಬರುವ ಸಂಭವ ಇದೆ.